ರಾಯಚೂರಿನ ಬಿಸಿಲು, ಗೆಂಡೆಯ ಆಯಸ್ಸು

ರಾಯಚೂರು ಕಡೆಯ ಕೆರೆಗೆ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನಿನ ಮರಿ ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊಟ್ಟೆ ಇಡುವಷ್ಟು ಬಲಿಯುತ್ತದೆ. ಅದೇ ಗೆಂಡೆಗೆ ಯುರೋಪಿನ ತಣ್ಣನೆ ಕೊಳಗಳಲ್ಲಿ ಮೂರ್ನಾಲ್ಕು ವರ್ಷ ಬೇಕು. ಮೀನಿನ ಮೈಬಿಸಿ ನೀರಿನ ಬಿಸಿಯ ಜತೆಗೇ ಏರಿಳಿಯುತ್ತದೆ. ನೀರು ಹತ್ತು ಡಿಗ್ರಿ ಬಿಸಿಯಾದರೆ ಮೈಯೊಳಗಿನ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತದೆ. ಹಸಿವೂ ಜಾಸ್ತಿ, ಸವೆತವೂ ಜಾಸ್ತಿ.

ಮೀನಿನ ವಯಸ್ಸು ಲೆಕ್ಕ ಹಾಕುವುದಕ್ಕೆ ದಾರಿ ತೋರಿಸಿದ್ದೂ ಗೆಂಡೆಯೇ. 1898ರಲ್ಲಿ ಜರ್ಮನಿಯ ಹಾಫ್‌ಬವರ್ ಅದರ ಮೈಮೇಲಿನ ಹುರುಪೆಯ ಗೆರೆ ನೋಡಿ ವಯಸ್ಸು ಹೇಳಬಹುದು ಎಂದು ತೋರಿಸಿದರು. ಚಳಿಗಾಲದಲ್ಲಿ ಬೆಳವಣಿಗೆ ನಿಂತು ಗೆರೆಗಳು ಒತ್ತೊತ್ತಾಗುತ್ತವೆ. ನಮ್ಮ ಕಡೆ ಅಂಥ ಚಳಿಯೇ ಇಲ್ಲ ಅಲ್ವಾ? ಹಾಗಾಗಿ ಇಲ್ಲಿನ ಮೀನಿನ ವಯಸ್ಸು ಓದುವುದು ಸುಲಭವಲ್ಲ.

1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು. ಹರಿಯುವ ನದಿಯ ಜಾಗದಲ್ಲಿ ಬಿಸಿಲು ಕಾಯುವ ದೊಡ್ಡ ಹಿನ್ನೀರು ನಿಂತಿತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಮುಂದೆ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಊರೂರ ಕೆರೆಗೆ ಬಂದವು.

ಬೆಚ್ಚಗಿದ್ದರೆ ಮೀನಿಗೆ ಒಳ್ಳೆಯದು ಎಂದು ಸುಮ್ನೆ ಹೇಳಿಬಿಡಬಹುದಿತ್ತು. ಆದರೆ 1966ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಲಿಯು ಮತ್ತು ವಾಲ್ಫೋರ್ಡ್ ಬೇರೆಯೇ ಕಂಡರು. ಒಂದೇ ವರ್ಷ ಬದುಕುವ ದಕ್ಷಿಣ ಅಮೆರಿಕದ ಪುಟ್ಟ ಮೀನನ್ನು ಸ್ವಲ್ಪ ತಣ್ಣನೆ ನೀರಿನಲ್ಲಿ ಸಾಕಿದಾಗ ಅದು ಹೆಚ್ಚು ದಿನ ಬದುಕಿತು. ಅಷ್ಟೇ ಅಲ್ಲ, ದೊಡ್ಡದಾಗಿಯೂ ಬೆಳೆಯಿತು. ಬಿಸಿ ನೀರಿನಲ್ಲಿ ಬೇಗ ಬಲಿತ ಮೀನು ಕೊನೆಗೆ ಚಿಕ್ಕದಾಗಿಯೇ ಉಳಿಯುವುದನ್ನು ಆಮೇಲೆ ಇನ್ನೂ ಹಲವು ಜಾತಿಗಳಲ್ಲಿ ನೋಡಿದ್ದಾರೆ. ಏಕೆ ಹಾಗೆ ಎಂಬ ವಾದ ಇನ್ನೂ ಮುಗಿದಿಲ್ಲ.

ಉಸಿರಿನ ಲೆಕ್ಕವಂತೂ ಸ್ಪಷ್ಟ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ. ಮೀನಿಗೆ ಹೆಚ್ಚು ಬೇಕಾದಾಗಲೇ ನೀರಲ್ಲಿ ಕಡಿಮೆ! ರಾಯಚೂರಿನ ಬೇಸಿಗೆ 40 ದಾಟುತ್ತದೆ, ಕೆರೆ ತಗ್ಗುತ್ತದೆ, ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುವುದು ಅದಕ್ಕೇ.

ಸಾಕಣೆಯವರಿಗೆ ಆಯಸ್ಸಿನ ಚಿಂತೆ ಅಷ್ಟಿಲ್ಲ. ಕಿಲೋ ತೂಗಿದರೆ ಬಲೆ ಹಾಕುತ್ತಾರೆ. ಬೇಸಿಗೆ ಜೋರಾಗುವ ಮೊದಲೇ ಹಿಡಿಯಬಹುದು, ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಬಹುದು, ಹೊಸ ನೀರು ಬಿಡಬಹುದು. ಪೆಟ್ಟು ಬೀಳುವುದು ನದಿಯ ಮೀನಿಗೆ. ದೊಡ್ಡ ಹೆಣ್ಣು ಮೀನು ಇಡುವಷ್ಟು ಮೊಟ್ಟೆ ಚಿಕ್ಕದು ಇಡುವುದಿಲ್ಲ. ದೊಡ್ಡದಾಗಲು ವರ್ಷಗಳು ಬೇಕು. ಬೇಸಿಗೆಯಲ್ಲಿ ಅದು ತಂಪು ಹುಡುಕಿ ಆಳಕ್ಕೆ ಇಳಿಯುತ್ತದೆ. ತುಂಗಭದ್ರಾ ಜಲಾಶಯದಲ್ಲೋ ಹೂಳು ತುಂಬಿ, 133 ಟಿಎಂಸಿ ಇದ್ದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಹೂಳಿನ ಮಾತು ಬಂದಾಗಲೆಲ್ಲ ಎರಡನೇ ಬೆಳೆಗೆ ನೀರು ಸಾಕಾಗುತ್ತದಾ ಎಂದಷ್ಟೇ ಕೇಳುತ್ತೇವೆ, ಮೀನಿನ ಲೆಕ್ಕ ಯಾರೂ ತೆಗೆಯುವುದಿಲ್ಲ.