ಹಿತ್ತಲಿಗೆ ಬರುವ ಜಿಂಕೆಗೆ ಏನಾದರೂ ತಿನ್ನಲು ಹಾಕಬಹುದಾ?

ಓದುಗರ ಪ್ರಶ್ನೆ: ನರಸಿಂಹರಾಜಪುರದ ಹತ್ತಿರ, ಕಾಡಂಚಿನಲ್ಲಿ ನಮ್ಮ ಮನೆ. ಸಂಜೆಯಾದರೆ ಹಿತ್ತಲಿನ ಆಚೆಯ ಬೇಣಕ್ಕೆ, ಅಂದರೆ ಹುಲ್ಲು ಬೆಳೆಯುವ ಖಾಲಿ ಜಾಗಕ್ಕೆ, ಜಿಂಕೆಗಳು ಬರುತ್ತವೆ. ಮಕ್ಕಳಿಗೆ ಅವನ್ನು ಹತ್ತಿರದಿಂದ ನೋಡುವ ಆಸೆ. ನಮ್ಮ ಅತ್ತೆಯವರು ಉಳಿದ ಅನ್ನ, ಬಾಳೆಹಣ್ಣಿನ ಸಿಪ್ಪೆ ಹಾಕೋಣ ಅಂತಾರೆ. ಹಾಕಬಹುದಾ?

ಬೇಡ. ಅನ್ನವನ್ನಂತೂ ಹಾಕಲೇಬೇಡಿ.

ನಿಮ್ಮತ್ತೆಯವರು ದನ ಸಾಕಿದವರಾಗಿದ್ದರೆ ಅವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಮದುವೆ ಮನೆಯಲ್ಲಿ ಉಳಿದ ಅನ್ನದ ರಾಶಿಗೆ ಬಾಯಿ ಹಾಕಿದ ಹಸು ಮಾರನೇ ದಿನ ಮೇವು ಬಿಟ್ಟು ಮಲಗುತ್ತದಲ್ಲ, ಜಿಂಕೆಗೂ ಆಗುವುದು ಅದೇ. ಎರಡೂ ಮೆಲುಕು ಹಾಕುವ ಪ್ರಾಣಿಗಳು. ಎರಡರ ಹೊಟ್ಟೆಯಲ್ಲೂ ನಾಲ್ಕು ಕೋಣೆ. ಮೊದಲ ದೊಡ್ಡ ಕೋಣೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಹುಲ್ಲು, ಸೊಪ್ಪು ಕರಗಿಸುವ ಕೆಲಸ ಅವುಗಳದ್ದು, ನಿಧಾನವಾಗಿ ನಡೆಯುವ ಕೆಲಸ. ಅಲ್ಲಿಗೆ ಒಮ್ಮೆಲೇ ಅನ್ನ, ಅಕ್ಕಿ, ಬ್ರೆಡ್ ಬಿದ್ದರೆ ಹುಳಿ ಬರುವುದು ವಿಪರೀತವಾಗುತ್ತದೆ. ಆಮ್ಲ ಹೆಚ್ಚಿ ಆ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಹಸುವಾದರೆ ಡಾಕ್ಟರನ್ನು ಕರೆಸಬಹುದು. ಜಿಂಕೆ ಸುಮ್ನೆ ಕಾಡಿಗೆ ಹೋಗಿ ಬಿದ್ದುಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಸ್ವಲ್ಪವೇ ಹಾಕಿದರೆ? ಹಣ್ಣಿನ ಸಿಪ್ಪೆ ಆದರೆ? ಹೊಟ್ಟೆಗೆ ಅಷ್ಟು ತೊಂದರೆ ಆಗದಿರಬಹುದು. ಆದರೆ ಜಿಂಕೆ ನಿಮ್ಮ ಹಿತ್ತಲನ್ನು ಹೋಟೆಲ್ ಅಂತ ತಿಳಿದುಕೊಂಡರೆ ಅದಕ್ಕಿಂತ ದೊಡ್ಡ ತೊಂದರೆ. ನೀವಿರುವ ಕಡೆ ಪಕ್ಕದಲ್ಲೇ ಭದ್ರಾ ಅಭಯಾರಣ್ಯ. ಜಿಂಕೆ ದಿನಾ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬಂದರೆ ಚಿರತೆ ಅದನ್ನು ಗಮನಿಸದೇ ಇರುತ್ತದಾ? ಜಿಂಕೆ ಸಿಗದ ದಿನ ಅಂಗಳದ ನಾಯಿ ಇದೆ, ಕೊಟ್ಟಿಗೆಯ ಕರು ಇದೆ. ಇನ್ನು ಹಾಕಿದ ಸಿಪ್ಪೆಯನ್ನು ಜಿಂಕೆಯೇ ತಿನ್ನುತ್ತದೆ ಅಂತ ಯಾರು ಹೇಳಿದರು? ರಾತ್ರಿ ಕಾಡುಹಂದಿ, ಬೆಳಿಗ್ಗೆ ಮಂಗ. ಮಂಗನಿಗೆ ಒಮ್ಮೆ ರುಚಿ ಹತ್ತಿತು ಅಂದರೆ ನಿಮ್ಮ ಬಾಳೆಗೊನೆಯ ಕಥೆ ಮುಗೀತು. ಇದನ್ನು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮನುಷ್ಯರನ್ನು ಕಂಡು ಹೆದರುವುದರಿಂದಲೇ ಜಿಂಕೆ ಬದುಕಿದೆ. ನಿಮ್ಮ ಮಕ್ಕಳ ಕೈಯಿಂದ ಸಿಪ್ಪೆ ತಿಂದ ಜಿಂಕೆ ನಾಳೆ ಉರುಳು ಇಡುವವನ ಹತ್ತಿರವೂ ಹಾಗೇ ಹೋಗಿ ನಿಲ್ಲುತ್ತದೆ. ಕಾನೂನು ಕೂಡ ಗಟ್ಟಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಲೆ, ಉರುಳುಗಳ ಜೊತೆಗೆ ಆಮಿಷ ಒಡ್ಡುವುದನ್ನೂ ಬೇಟೆ ಎಂದೇ ಸೇರಿಸಿದ್ದಾರೆ. ನಿಮ್ಮತ್ತೆಯವರ ಅನ್ನವನ್ನು ಯಾರೂ ಬೇಟೆ ಅನ್ನಲಿಕ್ಕಿಲ್ಲ, ನಿಜ. ಆದರೂ ತಿಳಿದಿರಲಿ.

ಹಾಗಾದರೆ ಅವು ಬರುವಂತೆ ಮಾಡುವುದು ಹೇಗೆ? ಏನೂ ಮಾಡದಿದ್ದರೆ ಸಾಕು. ಬೇಣದ ಹುಲ್ಲಿಗೇ ಅವು ಬರುತ್ತಿವೆ. ಆ ಬೇಣವನ್ನು ಅಗೆದು ಅಡಿಕೆ ಹಾಕದೆ ಬಿಟ್ಟರೆ ಅದೇ ದೊಡ್ಡ ಉಪಕಾರ. ಅಂಚಿನಲ್ಲಿ ನೆಲ್ಲಿ ಮರ ಇದ್ದರೆ ಉದುರಿದ ಕಾಯಿಯನ್ನೆಲ್ಲ ಗುಡಿಸಿ ತರಬೇಡಿ. ಜಿಂಕೆಗೆ ನೆಲ್ಲಿಕಾಯಿ ಅಂದರೆ ಪ್ರಾಣ. ಕಾಯಿಯನ್ನು ಇಡಿಯಾಗಿ ನುಂಗಿ, ಆಮೇಲೆ ನೆರಳಲ್ಲಿ ಕೂತು ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಬಾಯಿಂದ ಉಗುಳುತ್ತದೆ. ಕಾಡಿನಲ್ಲಿ ನೆಲ್ಲಿ ಹರಡುವುದರಲ್ಲಿ ಜಿಂಕೆಯ ಪಾಲು ದೊಡ್ಡದು. ಬೇಣದ ಮೂಲೆಯ ಮರದಡಿ ಹುಲ್ಲು ಮಲಗಿದ್ದು, ಅಲ್ಲೇ ನೆಲ್ಲಿಬೀಜ ಬಿದ್ದಿದ್ದರೆ ಜಿಂಕೆಗಳು ಅಲ್ಲಿ ಕೂತು ಎದ್ದಿರಬಹುದು. ಮಕ್ಕಳಿಗೆ ಅದನ್ನು ಹುಡುಕಲು ಹೇಳಿ.

ಮುಸುವಗಳು (ಕಪ್ಪು ಮುಖದ, ಉದ್ದ ಬಾಲದ ಕೋತಿಗಳು) ಮರದಲ್ಲಿದ್ದಾಗ ಕೆಳಗೆ ನೋಡಿ. ಅವು ಅರ್ಧ ತಿಂದು ಬಿಸಾಡುವ ಚಿಗುರು, ಕಾಯಿಗಳಿಗಾಗಿ ಜಿಂಕೆಗಳು ಬಂದು ನಿಂತಿರುತ್ತವೆ. ಮುಸುವಕ್ಕೆ ಮೇಲಿನಿಂದ ದೂರದವರೆಗೂ ಕಾಣುತ್ತದೆ, ಜಿಂಕೆಗೆ ಕೆಳಗೆ ವಾಸನೆ ಸಿಗುತ್ತದೆ. ಯಾರು ಮೊದಲು ಚಿರತೆಯನ್ನು ಪತ್ತೆಹಚ್ಚಿದರೂ ಕೂಗು ಇಬ್ಬರಿಗೂ ಉಪಯೋಗ. ಆ ಕೂಗನ್ನು ನೀವೂ ಕಲಿತಿಟ್ಟುಕೊಳ್ಳಿ. ಜಿಂಕೆ ಬಾಲ ಎತ್ತಿ, ಮುಂಗಾಲಿನಿಂದ ನೆಲ ಕುಟ್ಟಿ, ಒಂದೇ ಸಮನೆ ಚೂಪಾಗಿ ಕೂಗುತ್ತಿದ್ದರೆ ಅಥವಾ ಕಾಡುಕುರಿ (ಜಿಂಕೆ ಜಾತಿಯದೇ ಒಂದು ಸಣ್ಣ ಪ್ರಾಣಿ) ನಾಯಿಯ ಹಾಗೆ ಬಿಟ್ಟುಬಿಟ್ಟು ಬೊಗಳುತ್ತಿದ್ದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳಿ.

ನೋಡುವುದಕ್ಕೆ ಮನೆಯೊಳಗಿಂತ ಒಳ್ಳೆ ಜಾಗ ಇಲ್ಲ. ಕತ್ತಲಾಗುವ ಮೊದಲೇ ಹಿಂದಿನ ಕೋಣೆಯ ದೀಪ ಆರಿಸಿ ಕಿಟಕಿ ಹತ್ತಿರ ಕೂರಿಸಿ. ಹೊರಗೇ ಕೂರಬೇಕು ಅಂದರೆ ಗಾಳಿ ಬೇಣದಿಂದ ನಿಮ್ಮ ಕಡೆ ಬೀಸುತ್ತಿರಬೇಕು. ಗಾಳಿ ತಿರುಗಿದರೆ ಎಷ್ಟು ಸದ್ದಿಲ್ಲದೆ ಕೂತರೂ ಪ್ರಯೋಜನವಿಲ್ಲ. ಜಿಂಕೆಗೆ ಕೆಂಪು ಬಣ್ಣ ನಮಗೆ ಕಂಡಷ್ಟು ಚೆನ್ನಾಗಿ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ನೀಲಿ ಅಂಗಿ ಬೇಡ. ಟಾರ್ಚ್ ಬೇಕೇಬೇಕು ಅನಿಸಿದರೆ ಅದಕ್ಕೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿ. ಮೊಬೈಲ್ ಫ್ಲ್ಯಾಶ್ ಬೇಡವೇ ಬೇಡ. ಹಿಂಡಿನಲ್ಲಿ ಗಂಡುಗಳ ಕೊಂಬು ನೋಡಿ: ಒಂದಕ್ಕೆ ಪೂರ್ತಿ ಬೆಳೆದ ಗಟ್ಟಿ ಕೊಂಬು, ಇನ್ನೊಂದಕ್ಕೆ ಮೆತ್ತನೆ ತೊಗಲು ಹೊದ್ದ ಎಳೆಗೊಂಬು, ಮತ್ತೊಂದು ಬೋಳು. ಚುಕ್ಕೆ ಜಿಂಕೆಗಳಲ್ಲಿ ಎಲ್ಲ ಗಂಡುಗಳೂ ಒಂದೇ ತಿಂಗಳಲ್ಲಿ ಕೊಂಬು ಉದುರಿಸುವುದಿಲ್ಲ. ಅದಕ್ಕೇ ಈ ಮೂರೂ ಒಂದೇ ಸಂಜೆ ಕಾಣಬಹುದು.

ರಾತ್ರಿ ಬಂದುಹೋದವರ ಗುರುತು ಬೆಳಿಗ್ಗೆ ಸಿಗುತ್ತದೆ. ನೆಲ ಉತ್ತ ಹಾಗಿದ್ದರೆ ಕಾಡುಹಂದಿ. ಎಳೆ ಗಿಡದ ಬುಡ ಕೊರೆದಿದ್ದರೆ ಮುಳ್ಳುಹಂದಿ ಬಂದಿರಬಹುದು, ಸುತ್ತ ಮುಳ್ಳು ಬಿದ್ದಿದೆಯಾ ನೋಡಿ. ಕಲ್ಲಿನ ಮೇಲೆ ಕಾಫಿಬೀಜವೋ ಬೈನೆಬೀಜವೋ ತುಂಬಿದ ಹಿಕ್ಕೆ ಇದ್ದರೆ ಅದು ಪುನುಗಿನ ಬೆಕ್ಕಿನ ಕೆಲಸ.

ಮಲೆನಾಡಿನಲ್ಲಿ ಇರುವವರಿಗೆ ಒಂದು ಮಾತು ಜಾಸ್ತಿ ಹೇಳಲೇಬೇಕು. ಅದು ಉಣುಗಿನ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯ ವಿಷಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಿಮ್ಮ ತಾಲೂಕಿನಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ಉಣುಗು. ದನ, ಜಿಂಕೆಗಳು ಓಡಾಡುವ ಜಾಗದಲ್ಲಿ ಉಣುಗು ಇದ್ದೇ ಇರುತ್ತದೆ. ನವೆಂಬರ್‌ನಿಂದ ಮೇವರೆಗೆ ಮಕ್ಕಳನ್ನು ಬೇಣದ ಒಣ ಹುಲ್ಲಿನಲ್ಲಿ, ತರಗೆಲೆಯಲ್ಲಿ ಕೂರಲು ಬಿಡಬೇಡಿ. ನೆಲ್ಲಿಬೀಜ ಹುಡುಕುವ ಆಟ ಮಳೆಗಾಲ ಕಳೆದ ಕೂಡಲೇ ಮುಗಿಸಿಕೊಳ್ಳಿ. ಬೇಸಿಗೆಯಲ್ಲಿ ಹೋಗಲೇಬೇಕಾದರೆ ಉದ್ದ ತೋಳು, ಉದ್ದ ಪ್ಯಾಂಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಆಸ್ಪತ್ರೆಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ.

ಹುಲ್ಲಿನಲ್ಲಿ ಒಂಟಿ ಮರಿ ಕಂಡಿತು ಅಂತ ಎತ್ತಿ ತರುವವರಿದ್ದಾರೆ. ತಬ್ಬಲಿ ಅಂತ ಕನಿಕರ. ತಾಯಿ ಅದನ್ನು ಅಡಗಿಸಿಟ್ಟೇ ಮೇಯಲು ಹೋಗಿರುತ್ತದೆ, ಆಮೇಲೆ ಬಂದು ಹಾಲು ಕೊಡುತ್ತದೆ. ನೀವು ಅಲ್ಲೇ ಕಾದು ನಿಂತರೆ ಅದು ಬರುವುದೇ ಇಲ್ಲ. ಮುಟ್ಟದೆ ದೂರ ಹೋಗಿ. ನಾಯಿಯನ್ನು ಮಾತ್ರ ಸಂಜೆ ಕಟ್ಟಿಹಾಕಿ. ನಾಯಿ ಅಟ್ಟಿಸಿದ ಜಿಂಕೆ ಮೈಮೇಲೆ ಗಾಯವೇ ಇಲ್ಲದಿದ್ದರೂ ಓಡಿದ ಸುಸ್ತಿಗೆ, ಗಾಬರಿಗೆ ಸಾಯಬಹುದು. ಬಾವಿಗೆ ಬಿದ್ದ ಅಥವಾ ಬೇಲಿಯ ನೈಲಾನ್ ಬಲೆಗೆ ಕೊಂಬು ಸಿಕ್ಕಿಸಿಕೊಂಡ ಜಿಂಕೆಯ ಸುತ್ತ ಊರೆಲ್ಲ ಸೇರಿ ಗದ್ದಲ ಮಾಡಿದರೂ ಹಾಗೇ. ಜನರನ್ನು ದೂರ ಕಳಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಬೇಣದಲ್ಲಿ ಒಂದು ದಿನ ಉದುರಿದ ಕೊಂಬು ಸಿಗಬಹುದು. ಮಕ್ಕಳು ಖುಷಿಯಿಂದ ಮನೆಗೆ ತರುತ್ತಾರೆ, ಜಗಲಿಯ ಗೋಡೆಗೆ ಹೊಡೆಯೋಣ ಅಂತ ಯಾರಾದರೂ ಅನ್ನುತ್ತಾರೆ. ತಾನಾಗಿ ಉದುರಿದ್ದಾದರೂ ಅದು ಸರ್ಕಾರದ ಸ್ವತ್ತು, ಇಟ್ಟುಕೊಂಡರೆ ಕೇಸು. ಫೋಟೋ ತೆಗೆದುಕೊಂಡು ಅಲ್ಲೇ ಬಿಟ್ಟುಬಿಡಿ. ಮುಳ್ಳುಹಂದಿಗಳು ಅದನ್ನು ಕಡಿದು ತಿನ್ನುತ್ತವೆ.