ಮೂಳೆಯ ಫಾಸ್ಫಟೇಸ್ ಇರುವ ಜಾಗ

ಲಿವರ್ ಟೆಸ್ಟಿನ ರಿಪೋರ್ಟಿನಲ್ಲಿ ಎಎಲ್‌ಪಿ ಅಂತ ಒಂದು ಸಾಲು ಇರುತ್ತದೆ. ಅದು ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ಫಾಸ್ಫಟೇಸ್ ಅಂದರೆ ಬೇರೆ ವಸ್ತುಗಳಿಂದ ಫಾಸ್ಫೇಟನ್ನು ಬಿಡಿಸುವ ಕಿಣ್ವ. ಬೆಳೆಯುವ ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಜಾಸ್ತಿಯೇ ಇರುತ್ತದೆ. ಸುಮ್ನೆ ಲಿವರನ್ನು ದೂರಬೇಡಿ. ಆ ಹೆಚ್ಚಿನ ಪಾಲು ಮೂಳೆಯಿಂದ ಬಂದದ್ದು.

ಮೂಳೆ ಕಟ್ಟುವ ಜೀವಕೋಶ ಆಸ್ಟಿಯೋಬ್ಲಾಸ್ಟ್. ಈ ಕಿಣ್ವ ಅದರ ಹೊಟ್ಟೆಯೊಳಗೆ ಇರುವುದಿಲ್ಲ. ಪೊರೆಯ ಹೊರಮೈಯಲ್ಲಿ, ಕೊಬ್ಬಿನ ಒಂದು ಕೊಂಡಿಗೆ ನೇತುಬಿದ್ದಿರುತ್ತದೆ. ಕೊಂಡಿ ಕಡಿದರೆ ಸೀದಾ ರಕ್ತಕ್ಕೆ. ರಿಪೋರ್ಟಿನಲ್ಲಿ ಕಾಣುವುದು ಹೀಗೆ ಕಳಚಿಕೊಂಡದ್ದನ್ನೇ.

ಇದನ್ನು ಕಣ್ಣಾರೆ ನೋಡುವ ಉಪಾಯ 1939ರಲ್ಲಿ ಸಿಕ್ಕಿತು. ಗೊಮೊರಿ ಮತ್ತು ತಕಮಾತ್ಸು ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು. ತೆಳುವಾಗಿ ಕೊಯ್ದ ಅಂಗಾಂಶಕ್ಕೆ ಫಾಸ್ಫೇಟ್ ಅಂಟಿದ ಒಂದು ರಾಸಾಯನಿಕವನ್ನೂ ಕ್ಯಾಲ್ಸಿಯಮ್ಮನ್ನೂ ಕೊಡುತ್ತಾರೆ. ಕಿಣ್ವ ಇರುವ ಕಡೆ ಫಾಸ್ಫೇಟ್ ಬಿಡಿಯಾಗಿ, ಕ್ಯಾಲ್ಸಿಯಮ್ ಜೊತೆ ಸೇರಿ ಅಲ್ಲೇ ಕೂರುತ್ತದೆ. ಆಮೇಲೆ ಕೋಬಾಲ್ಟ್, ಸಲ್ಫೈಡ್ ಹಾಕಿದರೆ ಆ ಜಾಗ ಕಪ್ಪಾಗುತ್ತದೆ. ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಪೊರೆಯ ಗುಂಟ ಎಳೆದ ಗೆರೆಯೇ ಕಾಣಿಸಿತು.

ಹೊರಗೇ ಯಾಕೆ? ಕೆಲಸ ಇರುವುದೇ ಹೊರಗೆ. ಕೋಶಗಳ ಆಚೆ ಪೈರೋಫಾಸ್ಫೇಟ್ ಎಂಬ ವಸ್ತು ಇರುತ್ತದೆ. ಅದು ಮೂಳೆಯ ಹರಳು ಬೆಳೆಯದಂತೆ ತಡೆಯುತ್ತದೆ. ಕಿಣ್ವ ಅದನ್ನು ಸೀಳಿದಾಗ ಅಡ್ಡಿಯೂ ಹೋಯಿತು, ಹರಳಿಗೆ ಬೇಕಾದ ಫಾಸ್ಫೇಟೂ ಸಿಕ್ಕಿತು. ಆಸ್ಟಿಯೋಬ್ಲಾಸ್ಟ್ ಹೊರಬಿಡುವ ಪುಟಾಣಿ ಚೀಲಗಳ ಮೈಮೇಲೂ ಇದೇ ಕಿಣ್ವವಿದೆ. ಮೊದಲ ಹರಳುಗಳು ಶುರುವಾಗುವ ಜಾಗಗಳಲ್ಲಿ ಈ ಚೀಲಗಳೂ ಒಂದು. ಆದರೆ ಫಾಸ್ಫೋ1 ಎಂಬ ಇನ್ನೊಂದು ಫಾಸ್ಫಟೇಸ್ ಇರುವುದು ಚೀಲದ ಒಳಗೆ.

ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟಿನ ಕತೆ ಬೇರೆ. ಅದರದ್ದು ಆಮ್ಲದಲ್ಲಿ ಕೆಲಸ ಮಾಡುವ ಟ್ರಾಪ್ ಎಂಬ ಫಾಸ್ಫಟೇಸ್. ಅದನ್ನು ಕೋಶದೊಳಗಿನ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ. ಒಂದಷ್ಟು ಹೊರಗೂ ಸುರಿಯುತ್ತದೆ.

ಆಸ್ಟಿಯೋಬ್ಲಾಸ್ಟಿನ ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ ಬರುವ ಕಾಯಿಲೆ ಹೈಪೋಫಾಸ್ಫಟೇಸಿಯಾ. 1948ರಲ್ಲಿ ರಾತ್‌ಬನ್ ಎಂಬ ವೈದ್ಯರು ಇದಕ್ಕೆ ಹೆಸರಿಟ್ಟರು. ರಕ್ತದಲ್ಲಿ ಕ್ಯಾಲ್ಸಿಯಮ್ಮಿಗೆ ಕೊರತೆಯಿಲ್ಲ, ಆದರೂ ಮೂಳೆ ಮೆತ್ತಗೆ. ಹಾಲುಹಲ್ಲು ಬೇರುಸಮೇತ ಬೇಗ ಬಿದ್ದುಹೋಗುತ್ತದೆ. 2015ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅಸ್ಫೋಟೇಸ್ ಆಲ್ಫಾ ಎಂಬ ಔಷಧಿಗೆ ಅನುಮತಿ ಸಿಕ್ಕಿತು. ಪ್ರಯೋಗಾಲಯದಲ್ಲಿ ಮಾಡಿದ ಇದೇ ಕಿಣ್ವಕ್ಕೆ ಮೂಳೆಗೆ ಅಂಟುವ ಬಾಲ ಸೇರಿಸಿದ್ದಾರೆ. ಚರ್ಮದ ಕೆಳಗೆ ಚುಚ್ಚಿದರೆ ಸಾಕು. ಕೋಶದೊಳಗೆ ಹೋಗುವ ಗೋಜೇ ಇಲ್ಲ, ಅಲ್ವಾ?