ವಾಲ್ವ್ ಪ್ರೀಆಂಪ್‌ಗೆ ಟ್ರಾನ್ಸಿಸ್ಟರ್ ಪವರ್ ಆಂಪ್: ಈ ಜೋಡಿ ಬಂದದ್ದು ಎಲ್ಲಿಂದ?

ಮನೆಯಲ್ಲಿ ಹೈ-ಫೈ ಕಟ್ಟುವ ಹಲವರು ವಾಲ್ವ್ ಪ್ರೀಆಂಪ್‌ಗೆ ಟ್ರಾನ್ಸಿಸ್ಟರ್ ಪವರ್ ಆಂಪ್ ಜೋಡಿಸುತ್ತಾರೆ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್‌ಗೂ ಹಿಂದಿನ ಗಾಜಿನ ನಳಿಗೆ. ಸಣ್ಣ ಸಿಗ್ನಲ್ ಸಿದ್ಧಮಾಡುವುದು ಪ್ರೀಆಂಪ್, ಸ್ಪೀಕರ್ ನಡೆಸುವುದು ಪವರ್ ಆಂಪ್. ಕೆಲವರು ವೂಫರ್‌ಗೆ (ಬಾಸ್, ಅಂದರೆ ಕೆಳಗಿನ ಸ್ವರಗಳ ಸ್ಪೀಕರ್‌ಗೆ) ಟ್ರಾನ್ಸಿಸ್ಟರ್, ಮೇಲಿನ ಸ್ವರಗಳಿಗೆ ವಾಲ್ವ್ ಅಂತ ಎರಡು ಪವರ್ ಆಂಪ್ ಇಡುತ್ತಾರೆ. ಯಾಕೆ ಅಂದರೆ, ವಾಲ್ವ್‌ನಿಂದ ಇಂಪು, ಟ್ರಾನ್ಸಿಸ್ಟರ್‌ನಿಂದ ತಾಕತ್ತು ಅನ್ನುತ್ತಾರೆ. ಅದು ಅರ್ಧ ಉತ್ತರ ಅಷ್ಟೇ.

1947ರಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ತಮ್ಮ ಆಂಪ್ಲಿಫೈಯರ್ ವಿನ್ಯಾಸ ಪ್ರಕಟಿಸಿದರು. ಕೆಟಿ66 ವಾಲ್ವ್‌ಗಳು, ಸುಮಾರು 15 ವಾಟ್, ತೀರಾ ಕಡಿಮೆ ಡಿಸ್ಟಾರ್ಷನ್ (ಧ್ವನಿ ಕೆಡುವುದು). ಅದರ ಜೀವ ಇದ್ದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ. ವಾಲ್ವ್ ಕೊಡುವುದು ಹೆಚ್ಚು ವೋಲ್ಟೇಜ್, ಕಡಿಮೆ ಕರೆಂಟ್. ಸ್ಪೀಕರ್‌ಗೆ ಬೇಕಾದದ್ದು ಇದರ ಉಲ್ಟಾ. ಹಾಗಾಗಿ ಮಧ್ಯೆ ಈ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ವಾಟ್ ಜಾಸ್ತಿ ಆದಷ್ಟೂ ಅದರ ಭಾರ, ಬೆಲೆ ಎರಡೂ ಏರುತ್ತಿದ್ದವು.

1954ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-1 ಬಂತು. ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದ ಆಳವಾದ ಬಾಸ್ ಕೊಡುವ ಸ್ಪೀಕರ್ ಅದು. ಆದರೆ ಅದಕ್ಕೆ ಪವರ್ ಜಾಸ್ತಿ ಬೇಕಿತ್ತು. ಆ ಭಾರದ ಟ್ರಾನ್ಸ್‌ಫಾರ್ಮರ್ ಇಲ್ಲದೆಯೇ ಪವರ್ ಕೊಡಬಲ್ಲ ಟ್ರಾನ್ಸಿಸ್ಟರ್‌ಗೆ ಜಾಗ ಸಿಕ್ಕಿದ್ದು ಇಲ್ಲೇ. 1960ರ ದಶಕದ ಆರಂಭದಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ವಾಲ್ವ್ ಮತ್ತು ಜರ್ಮೇನಿಯಂ ಟ್ರಾನ್ಸಿಸ್ಟರ್ ಎರಡನ್ನೂ ತಯಾರಿಸತೊಡಗಿತ್ತು.

ಮೊದಲ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಹಲವು ಕಿವಿಗೆ ಒರಟಾಗಿದ್ದವು. ಸಿಗ್ನಲ್ ಒಂದು ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ದಾಟುವ ಕಡೆ ಸಣ್ಣ ತೊಡಕು ಬೀಳುತ್ತಿತ್ತು. ಇದೇ ಕ್ರಾಸ್‌ಓವರ್ ಡಿಸ್ಟಾರ್ಷನ್. ಪೂರ್ತಿ ಪವರ್‌ನಲ್ಲಿ ಅಳೆದರೆ ಅದು ಅಷ್ಟಾಗಿ ಕಾಣದು, ಮೆಲ್ಲಗೆ ಹಾಡು ಕೇಳುವಾಗ ಎದ್ದು ಕೇಳಿಸುತ್ತದೆ. 1967ರ ಹೊತ್ತಿಗೆ ಕ್ವಾಡ್ 303, ಕ್ರೌನ್ ಡಿಸಿ300 ತರಹದ ಆಂಪ್‌ಗಳು ಪರಿಸ್ಥಿತಿ ಬದಲಿಸಿದವು. ಆದರೂ ಹಲವರ ಮನಸ್ಸು ವಾಲ್ವ್ ಬಿಡಲಿಲ್ಲ. 1970ರಲ್ಲಿ ವಿಲಿಯಂ ಝೇನ್ ಜಾನ್ಸನ್ ಅಮೆರಿಕದಲ್ಲಿ ಆಡಿಯೋ ರಿಸರ್ಚ್ ಶುರು ಮಾಡಿ ಮತ್ತೆ ವಾಲ್ವ್ ಆಂಪ್‌ಗಳನ್ನೇ ಮಾರಿದರು. 1980ರ ದಶಕದಲ್ಲಿ ಕೌಂಟರ್‌ಪಾಯಿಂಟ್, ಮಾಸ್ಕೋಡ್ ಒಂದೇ ಪೆಟ್ಟಿಗೆಯೊಳಗೆ ಮುಂದೆ ವಾಲ್ವ್, ಕೊನೆಗೆ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇಟ್ಟವು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 1985ರ ಘಟನೆ. ‘ಸ್ಟೀರಿಯೋಫೈಲ್’ ಪತ್ರಿಕೆಯವರು ಆರಿಸಿದ ಒಂದು ದುಬಾರಿ ಆಂಪ್‌ನಂತೆಯೇ ತನ್ನ ಟ್ರಾನ್ಸಿಸ್ಟರ್ ಆಂಪ್ ನುಡಿಯುವಂತೆ ಮಾಡುತ್ತೇನೆ ಅಂತ ಅಮೆರಿಕದ ಆಂಪ್ ವಿನ್ಯಾಸಕ ಬಾಬ್ ಕಾರ್ವರ್ ಸವಾಲು ಸ್ವೀಕರಿಸಿದರು. ಅದು ಕಾನ್ರಾಡ್-ಜಾನ್ಸನ್ ಕಂಪನಿಯ ವಾಲ್ವ್ ಆಂಪ್ ಅನ್ನುವುದು ಆಮೇಲೆ ಬಯಲಾಯಿತು. ಕಾರ್ವರ್ ಎರಡರ ಔಟ್‌ಪುಟ್‌ಗಳ ವ್ಯತ್ಯಾಸ ಅಳೆದು, ಅದು ಕುಗ್ಗುವ ತನಕ ತಮ್ಮ ಆಂಪ್ ತಿದ್ದಿದರು. ಪತ್ರಿಕೆಯವರಿಗೆ ಎರಡನ್ನೂ ಬೇರೆ ಮಾಡಿ ಗುರುತಿಸಲು ಆಗಲಿಲ್ಲ.

ವಾಲ್ವ್ ಧ್ವನಿಯ ದೊಡ್ಡ ಪಾಲು ಅಳೆಯಬಹುದಾದದ್ದು ಅಂತಾಯ್ತಲ್ವಾ? ಅದರಲ್ಲಿ ಔಟ್‌ಪುಟ್ ಇಂಪಿಡೆನ್ಸ್ (ಸ್ಪೀಕರ್‌ಗೆ ಹೋಗುವ ಕರೆಂಟ್‌ಗೆ ಆಂಪ್ ಒಳಗೇ ಇರುವ ತಡೆ) ಮುಖ್ಯ. ಸ್ಪೀಕರ್‌ನ ಇಂಪಿಡೆನ್ಸ್ ಒಂದು ಸ್ವರದಲ್ಲಿ 4 ಓಮ್, ಇನ್ನೊಂದು ಸ್ವರದಲ್ಲಿ 20 ಓಮ್ ಇದೆ ಅನ್ನಿ. ಆಂಪ್‌ನದು 2 ಓಮ್ ಇದ್ದರೆ ಆ ಎರಡು ಸ್ವರಗಳ ನಡುವೆ ಸುಮಾರು 2.7 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಕಿವಿಗೆ ಗೊತ್ತಾಗುವಷ್ಟು ಅದು. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಈ ಇಂಪಿಡೆನ್ಸ್ ಸಾಮಾನ್ಯವಾಗಿ ತೀರಾ ಕಡಿಮೆ. ವೂಫರ್ ಅದರ ಹಿಡಿತದಲ್ಲಿರುತ್ತದೆ. ಬಾಸ್‌ಗೆ ಟ್ರಾನ್ಸಿಸ್ಟರ್ ಇಡುವುದಕ್ಕೆ ಇದೇ ಗಟ್ಟಿ ಕಾರಣ.

ಜೋಡಿಸುವಾಗ ಇನ್ನೊಂದು ಲೆಕ್ಕ ತಪ್ಪಬಾರದು. ವಾಲ್ವ್ ಪ್ರೀಆಂಪ್‌ನ ಕೊನೆಯಲ್ಲಿ ಸಾಮಾನ್ಯವಾಗಿ ಕೆಪಾಸಿಟರ್ ಇರುತ್ತದೆ. ಅದು 0.47 ಮೈಕ್ರೋಫ್ಯಾರಡ್ ಆಗಿದ್ದು, ಪವರ್ ಆಂಪ್‌ನ ಇನ್‌ಪುಟ್ 10 ಕಿಲೋಓಮ್ ಇದ್ದರೆ 34 ಹರ್ಟ್ಜ್ ಹೊತ್ತಿಗೇ ಬಾಸ್ 3 ಡೆಸಿಬೆಲ್ ಕುಗ್ಗಿರುತ್ತದೆ. 100 ಕಿಲೋಓಮ್ ಇದ್ದರೆ ಚಿಂತೆಯಿಲ್ಲ. ಎರಡು ಪವರ್ ಆಂಪ್ ಇಟ್ಟಾಗ ಗೇನ್ (ಆಂಪ್ ಸಿಗ್ನಲ್ ಅನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವುದು) ಕೂಡ ಹೊಂದಬೇಕು. ಒಂದರದು 26, ಇನ್ನೊಂದರದು 32 ಡೆಸಿಬೆಲ್ ಇದ್ದರೆ ಎರಡನೆಯದರಿಂದ ದುಪ್ಪಟ್ಟು ವೋಲ್ಟೇಜ್ ಬರುತ್ತದೆ. ಆಗ ಲೆವೆಲ್ ಕಂಟ್ರೋಲ್ ಬೇಕೇ ಬೇಕು.

ಆನ್ ಮಾಡುವಾಗ ಪ್ರೀಆಂಪ್ ಮೊದಲು. ವಾಲ್ವ್ ಬಿಸಿಯಾದ ಮೇಲೆ ಪವರ್ ಆಂಪ್. ಆಫ್ ಮಾಡುವಾಗ ಪವರ್ ಆಂಪ್ ಮೊದಲು. ಇಲ್ಲದಿದ್ದರೆ ಪ್ರೀಆಂಪ್‌ನಿಂದ ಬರುವ ‘ಧಡ್’ ಅನ್ನುವ ಹೊಡೆತ ನೇರವಾಗಿ ವೂಫರ್‌ಗೆ ಬೀಳುತ್ತದೆ.